ಮೀಟರಿನ ಮೇಲಿನ ಗಣಪತಿ

ನಮ್ಮನೆಯವರು ಏನಾದರೂ ಕೊಂಡುಕೊಳ್ಳೋಕೆ ಹೊರಟರು ಅಂದರೆ ನಾನು ಮೊದಲು ಒಂದು ಲೋಟ ನೀರು ಕುಡಿದು ಗೋಡೆಗೆ ಒರಗಿ ಕೂತುಬಿಡುತ್ತೇನೆ. ಎದೆ ಧಸಕ್ ಅನ್ನೋದು ಗ್ಯಾರಂಟಿ, ನಿಂತಿರುವಾಗ ಬೇಡ ಅಂತ ಅಷ್ಟೇ. ಮಿಕ್ಸಿ ತರೋಕೆ ಹೋದವರು ಒಮ್ಮೆ ಹಳೇ ಹಾರ್ಮೋನಿಯಂ ಹೊತ್ತುಕೊಂಡು ಬಂದಿದ್ದರು. ಕೇಳಿದರೆ, ಮಾರುವವನು ಒಳ್ಳೆಯ ಮನುಷ್ಯ ಕಣೇ, ಬಹಳ ಕೇಳಿಕೊಂಡ ಅಂದರು. ಆ ರಾತ್ರಿ ಚಟ್ನಿಯನ್ನು ನಾನು ಒರಳಲ್ಲೇ ರುಬ್ಬಿದೆ.

ಮನುಷ್ಯ ದೇವರಂಥವರು. ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು, ಶಿವಮೊಗ್ಗದ ವಿನೋಬನಗರದಲ್ಲಿ ಯಾರನ್ನು ಕೇಳಿದರೂ ಕೈ ಮುಗಿದು ಮನೆ ತೋರಿಸುತ್ತಾರೆ. ಆದರೆ ನಮ್ಮ ಸ್ಕೂಟರಿನ ಸ್ಟ್ಯಾಂಡ್ ಹಾಕೋಕೆ ಪಕ್ಕದ ಮನೆಯವರನ್ನು ಕರೆಯಬೇಕು. ಅಂಥವರು ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ, ಅದೇ ಈ ಎಸ್‌ಯುವಿ ಅಂತಾರಲ್ಲ, ಅದನ್ನು ಕೊಳ್ಳೋಕೆ ಹೊರಟ ಕಥೆ ಇದು.

ಎಲ್ಲ ಶುರುವಾದದ್ದು ಮಗಳ ನಿಶ್ಚಿತಾರ್ಥದ ದಿನ. ಗಂಡಿನ ಮನೆ ಭದ್ರಾವತಿಯ ಕಾಗದನಗರ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಬೀಗರು ಅಂದರು, "ನಮ್ಮಲ್ಲೂ ಒಂದು ದೊಡ್ಡ ಗಾಡಿ ಇತ್ತು. ಮೊನ್ನೆ ಕೊಟ್ಟು ಕೈ ತೊಳ್ಕೊಂಡೆ. ಯಾವ ಪುಣ್ಯಾತ್ಮನ ಮನೆ ಸೇರುತ್ತೋ." ಹಾಗನ್ನುತ್ತಾ ಎರಡೂ ಕೈ ಎತ್ತಿ ಮೇಲಕ್ಕೆ ಮುಗಿದರು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ನಮ್ಮನೆಯವರಿಗೆ ಎಲ್ಲಿಂದ ಹುಮ್ಮಸ್ಸು ಬಂತೋ, "ಚಿಂತೆ ಬೇಡ ಬೀಗರೇ, ಮದುವೆ ದಿನ ನಿಮ್ಮನ್ನೂ ವರನನ್ನೂ ನಮ್ಮ ಸ್ವಂತ ಗಾಡಿಯಲ್ಲೇ ಕರ್ಕೊಂಡು ಬರ್ತೀನಿ" ಅಂದುಬಿಟ್ಟರು. ನನ್ನ ಗಂಟಲಿಗೆ ಅಡಿಕೆ ಸಿಕ್ಕಿಕೊಂಡಿತು. ಇಪ್ಪತ್ತು ಜನ ನೆಂಟರ ಎದುರು ಕೊಟ್ಟ ಮಾತು. ತಪ್ಪಿದರೆ ನನ್ನ ಮಗಳು ಆ ಮನೆಯಲ್ಲಿ ಜೀವಮಾನವಿಡೀ "ನಿಮ್ಮಪ್ಪನ ಸ್ವಂತ ಗಾಡಿ" ಅಂತ ಕೇಳಿಸಿಕೊಂಡೇ ಇರಬೇಕು. ಅವಳ ಮುಖ ಅಲ್ಲೇ ಸಣ್ಣಗಾಗಿತ್ತು.

೧. ಸುತ್ತಿಗೆ

ನನ್ನ ತಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಡ್ರೈವಿಂಗೂ ಬರುತ್ತಿತ್ತು. ಸುದ್ದಿ ಕೇಳಿದವನೇ ಬಂದು, "ತುಕ್ಕಿನ ವಿಷಯ ನನಗೆ ಬಿಡಿ ಭಾವ, ಕಬ್ಬಿಣ ನನ್ನ ಹತ್ರ ಸುಳ್ಳು ಹೇಳಲ್ಲ" ಅಂದ. ಅವನ ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಪುಟ್ಟ ಸುತ್ತಿಗೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರಂತೆ, ಪುಟ್ಟಿ ಇದ್ದಲ್ಲಿ ಅಯಸ್ಕಾಂತ ಅಂಟುವುದಿಲ್ಲವಂತೆ. ನಮ್ಮನೆಯವರು ಅದನ್ನು ಶಾಸ್ತ್ರ ಕೇಳಿದಷ್ಟು ಶ್ರದ್ಧೆಯಿಂದ ಕೇಳಿದರು.

ಮೊದಲು ನೋಡಿದ ಗಾಡಿ ರಾಗಿಗುಡ್ಡದಲ್ಲಿತ್ತು. ದೂರದಿಂದ ಬೆಳ್ಳಗೆ ಫಳಫಳ ಅಂತಿತ್ತು. ಮಾಲೀಕರು ಕುರ್ಚಿ ಹಾಕಿ ಕಾಫಿ ಕೊಟ್ಟರು. ತಮ್ಮ ಬಾಗಿಲಿಗೆ ಅಯಸ್ಕಾಂತ ಇಟ್ಟ, ಟಣ್ ಅಂತ ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಬಿತ್ತು. ಇಡೀ ಗಾಡಿ ಸುತ್ತು ಬಂದ. ಕೊನೆಗೆ ಅದು ಕಚ್ಚಿಕೊಂಡದ್ದು ಬಾಗಿಲ ಹಿಡಿಗೆ ಮಾತ್ರ.

ಮಾಲೀಕರು ನಿಮ್ಮ ಅಯಸ್ಕಾಂತ ಹಳೇದಾಗಿರಬೇಕು ಅಂದರು. ತಮ್ಮನಿಗೆ ರೇಗಿತು. ಸುತ್ತಿಗೆ ತೆಗೆದು ಚಕ್ರದ ಮೇಲ್ಗಡೆ ಮೆಲ್ಲಗೆ, ಅಂದರೆ ಬಾಗಿಲು ತಟ್ಟುವಷ್ಟು ಮೆಲ್ಲಗೆ ಹೊಡೆದ. ಸದ್ದೇ ಬರಲಿಲ್ಲ. ಸುತ್ತಿಗೆಯ ತಲೆ ಒಳಗೆ ಹೋಗಿತ್ತು. ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ.

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ನಮ್ಮನೆಯವರಿಗೆ ಮಾಲೀಕರ ಮೇಲೆ ಮರುಕ ಬಂತು. ಗಾಡಿಯೊಳಗೆ ಕೂತಿದ್ದವರು, ಹೊರಗೆ ಹೇಗಾದರೂ ಇರಲಿ, ಒಳಗೆ ಗಟ್ಟಿಯಾಗಿದೆ ಬಿಡಿ ಅಂತ ಸಮಾಧಾನ ಹೇಳುತ್ತಾ ಎರಡೂ ಕಾಲನ್ನು ಧೊಪ್ ಅಂತ ತುಳಿದು ತೋರಿಸಿದರು. ಮರುಕ್ಷಣ ನೋಡುತ್ತೇನೆ, ಅವರು ಸೀಟಿನ ಮೇಲೆ ಕೂತಿದ್ದಾರೆ, ಅವರ ಪಾದ ರಾಗಿಗುಡ್ಡದ ಮಣ್ಣಿನ ಮೇಲಿದೆ. ಕಾರ್ಪೆಟ್ಟಿನ ಕೆಳಗೆ ಗಾಡಿಯೇ ಇರಲಿಲ್ಲ.

ನಾನೂ ತಮ್ಮನೂ ಗರ ಬಡಿದ ಹಾಗೆ ನಿಂತಿದ್ದೆವು. ಮಾಲೀಕರು ಮಾತ್ರ ಕಾಫಿ ಲೋಟ ಕೆಳಗಿಟ್ಟು, ಅದೊಂದು ಅನುಕೂಲ ಸಾರ್, ಮಳೆಗಾಲದಲ್ಲಿ ಒಳಗೆ ನೀರು ನಿಲ್ಲಲ್ಲ ಅಂದರು.

೨. ಕಂಪ್ಯೂಟರ್ ಮೇಷ್ಟ್ರು

ಎರಡನೇ ಗಾಡಿ ಭದ್ರಾವತಿಯದು. ಮೈ ಗಟ್ಟಿಮುಟ್ಟು. ಅಯಸ್ಕಾಂತ ಹಿಡಿದ ಹಿಡಿತಕ್ಕೆ ಅದನ್ನು ಕೀಳೋಕೆ ತಮ್ಮ ಕಾಲು ಕೊಟ್ಟು ಎಳೆಯಬೇಕಾಯಿತು. ಆದರೆ ಸ್ಟೀರಿಂಗಿನ ಹಿಂದೆ, ಮೀಟರಿನ ಒಳಗೆ, ಎಂಜಿನ್ನಿನ ಆಕಾರದ ಒಂದು ಹಳದಿ ದೀಪ ಉರಿಯುತ್ತಲೇ ಇತ್ತು. ಅದೇನು ಅಂತ ಕೇಳಿದರೆ ಮಾರುವವನು, ಈಗಿನ ಎಂಜಿನ್ನಿಗೆಲ್ಲ ಕಂಪ್ಯೂಟರ್ ಇರುತ್ತೆ, ಅದರಲ್ಲಿ ಏನೋ ಸಣ್ಣ ಫಾಲ್ಟು ಅಂದ.

ನನಗೆ ನಂಬೋಕೇ ಆಗಲಿಲ್ಲ. ಕಂಪ್ಯೂಟರ್ ಅಂದರೆ ಬ್ಯಾಂಕಿನಲ್ಲಿ, ರೈಲ್ವೆ ಕೌಂಟರಿನಲ್ಲಿ ಇರುವಂಥದ್ದು. ಗ್ರೀಸು ಮೆತ್ತಿದ ಎಂಜಿನ್ನಿನಲ್ಲಿ ಅದಕ್ಕೇನು ಕೆಲಸ? ತಮ್ಮನೂ ಕೈ ಚೆಲ್ಲಿದ. ಕಬ್ಬಿಣ ಆದರೆ ಹೇಳ್ತೀನಿ ಭಾವ, ಇದು ನನ್ನ ಇಲಾಖೆ ಅಲ್ಲ ಅಂದ. ನಮ್ಮನೆಯವರ ಮುಖ ಮಾತ್ರ ಅರಳಿತು. ಕಂಪ್ಯೂಟರ್ ತಾನೇ, ನಮ್ಮವರೇ ಇದ್ದಾರಲ್ಲ ಅಂದರು.

ನಮ್ಮ ರಸ್ತೆಯಲ್ಲಿ ಹಿಟ್ಟಿನ ಗಿರಣಿ ಮಹಡಿ ಮೇಲೆ ಒಬ್ಬರು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಹುಡುಗಿಯರಿಗೆ ಟೈಪಿಂಗು, ಅಕೌಂಟ್ಸು ಹೇಳಿಕೊಡುತ್ತಿದ್ದರು. ಇಡೀ ಬೀದಿಗೆ ಅವರು ಕಂಪ್ಯೂಟರ್ ಮೇಷ್ಟ್ರು. ಪಾಪ, ಅದು ಬೇರೆ ಇದು ಬೇರೆ ಅಂತ ಹೇಳಬಹುದಿತ್ತು. ಮರ್ಯಾದೆ ಪ್ರಶ್ನೆ ನೋಡಿ, ಇಸ್ತ್ರಿ ಪ್ಯಾಂಟು ಹಾಕಿ, ಬ್ಯಾಗಿನ ತುಂಬ ಸಿ.ಡಿ. ತುಂಬಿಕೊಂಡು ಬಂದೇಬಿಟ್ಟರು.

ಡ್ರೈವರ್ ಸೀಟಿನಲ್ಲಿ ಕೂತು ಸಿ.ಡಿ. ತೂರಿಸೋಕೆ ಜಾಗ ಹುಡುಕಿದರು. ಹಾಡು ಕೇಳುವ ಪ್ಲೇಯರಿಗೆ ಒಂದನ್ನು ಹಾಕಿದರು, ಅದು ಹೊರಗೆ ಉಗುಳಿತು. ಆಫ್ ಮಾಡಿ ಆನ್ ಮಾಡಿ ಅಂದರು. ದೀಪ ಹೋಗಲಿಲ್ಲ. ಬೆವರು ಒರೆಸಿಕೊಂಡು, ಪೂರ್ತಿ ಕರೆಂಟೇ ತೆಗೀಬೇಕು ಅಂತ ಬಾನೆಟ್ ಎತ್ತಿಸಿ ಬ್ಯಾಟರಿಯ ವೈರು ಬಿಚ್ಚಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸಿಕ್ಕಿಸಿ ಸ್ಟಾರ್ಟ್ ಮಾಡಿದರೆ ದೀಪ ಮಾಯ.

ಎಲ್ಲರಿಗಿಂತ ಹೆಚ್ಚು ದಂಗಾದವರು ಕಂಪ್ಯೂಟರ್ ಮೇಷ್ಟ್ರೇ. ನಮ್ಮನೆಯವರು ಹೆಗಲ ಮೇಲಿನ ಶಲ್ಯ ತೆಗೆದು ಅಲ್ಲೇ ಅವರಿಗೆ ಹೊದಿಸಿದರು.

ಸನ್ಮಾನ ಮುಗಿಸಿ ಒಂದು ಸುತ್ತು ಹೋಗೋಣ ಅಂತ ಹೊರಟೆವು. ಊರಾಚೆ ಹೋಗುತ್ತಲೇ ಹಳದಿ ದೀಪ ಮತ್ತೆ ಹತ್ತಿತು. ಗಾಡಿಗೆ ದಮ್ಮು ಕಟ್ಟಿದ ಹಾಗಾಗಿ ಎತ್ತಿನ ಗಾಡಿಯಷ್ಟು ನಿಧಾನವಾಯಿತು. ಸೈಕಲ್ಲಿನಲ್ಲಿ ಬದನೆಕಾಯಿ ಮೂಟೆ ಹೇರಿಕೊಂಡು ಹೋಗುತ್ತಿದ್ದವನೊಬ್ಬ ನಮ್ಮನ್ನು ದಾಟಿ, ಹಿಂದೆ ತಿರುಗಿ, ತಳ್ಳಬೇಕಾ ಅಂತ ಕೇಳಿದ. ಹಿಂದಿನ ಸೀಟಿನಲ್ಲಿ ಶಲ್ಯ ಹೊದ್ದ ಮೇಷ್ಟ್ರು ಗಂಭೀರವಾಗಿ, ವೈರಸ್ ಇದೆ, ಫಾರ್ಮ್ಯಾಟ್ ಮಾಡ್ಬೇಕು, ಮಾಡಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ ಅಂದರು.

ನಾವು ಬೇಡ ಅಂತ ಹೇಳಿ ಹೊರಡುವಾಗ ಮಾರುವವನು ಗಾಬರಿಯಲ್ಲಿ ಸೀಟಿನಲ್ಲೇ ಕೂತಿದ್ದ. ಅಳಿಸಿಹೋಗುವ ಮೊದಲೇ ಇರಲಿ ಅಂತ ಮೀಟರ್ ನೋಡಿಕೊಂಡು ಕಿಲೋಮೀಟರನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ.

೩. ಕುಂಕುಮ

ಮದುವೆ ಹತ್ತಿರ ಬಂತು. ಲಗ್ನಪತ್ರಿಕೆ ಹಂಚಿ ಆಯಿತು, ಛತ್ರಕ್ಕೆ ಹೇಳಿ ಆಯಿತು, ಗಾಡಿ ಮಾತ್ರ ಇಲ್ಲ. ಮಗಳು ದಿನಾ ಸಂಜೆ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡುವಳು, ಏನೂ ಕೇಳದೆ ಒಳಗೆ ಹೋಗುವಳು.

ಬೇರೆ ದಾರಿ ಕಾಣದೆ ಇವರು ನಮ್ಮೂರಿನ ಒಬ್ಬ ಬ್ರೋಕರ್ ಹತ್ತಿರ ಹೋದರು. ಎಂಥ ಗಾಡಿ ಬೇಕು ಸಾರ್ ಅಂತ ಅವನು ಕೇಳಿದ್ದಕ್ಕೆ ಇವರು ಒಂದೂ ಬಿಡದೆ ಹೇಳಿದರು. ತುಕ್ಕು ಕಾಣಬಾರದು. ಹಳದಿ ದೀಪ ಕಾಣಬಾರದು. ದೈವಭಕ್ತರು ಇಟ್ಟುಕೊಂಡ ಗಾಡಿ ಆದರೆ ಇನ್ನೂ ಒಳ್ಳೇದು. ಬ್ರೋಕರ್ ಕಣ್ಣು ಮುಚ್ಚಿ ಯೋಚಿಸಿ, ನಾಳೆ ಬನ್ನಿ ಅಂದ.

ಮರುದಿನ ಹೋದರೆ ಕಡು ಕೆಂಪು ಬಣ್ಣದ ಗಾಡಿ, ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೈತುಂಬ ಅರಿಶಿನ ಕುಂಕುಮ. ಬಾಗಿಲುಗಳ ಕೆಳಗೆ ಅಂಗೈ ದಪ್ಪ ಕುಂಕುಮ ಮೆತ್ತಿ ಸ್ವಸ್ತಿಕ ಬರೆದಿದ್ದ. ತಮ್ಮ ಜೇಬಿಗೆ ಕೈ ಹಾಕಿದ. ನಮ್ಮನೆಯವರು ಅವನ ಕೈ ಹಿಡಿದರು. ಪೂಜೆ ಆದದ್ದನ್ನ ಸುತ್ತಿಗೆಯಲ್ಲಿ ಬಡೀತಾರೇನೋ ಮಾರಾಯ ಅಂದರು. ಬ್ರೋಕರ್ ತಲೆ ಅಲ್ಲಾಡಿಸಿ, ಪೂಜೆ ಮಾಡಿಸದೆ ನಾವು ಗಾಡಿ ಕೊಡೋದೇ ಇಲ್ಲ ಅಂದ.

ಒಳಗೆ ಮೀಟರಿನ ಗಾಜಿನ ಮೇಲೆ ಬಿಲ್ಲೆಯಷ್ಟಗಲದ ಒಂದು ಬೆಳ್ಳಿಬಣ್ಣದ ಗಣಪತಿ ಅಂಟಿಸಿತ್ತು. ಹಿಂದಿನ ಓನರ್ ಅಂಟಿಸಿದ್ದಂತೆ, ಬಹಳ ಭಕ್ತರಂತೆ, ಗಾಡಿ ಕೊಡುವಾಗ ಏನು ಬೇಕಾದ್ರೂ ಬದಲಾಯಿಸಿ, ಗಣಪತಿಯನ್ನ ಮಾತ್ರ ಮುಟ್ಟಬೇಡಿ ಅಂತ ಕೈ ಮುಗಿದು ಹೋದರಂತೆ. ನಮ್ಮನೆಯವರ ಕಣ್ಣು ತೇವವಾಯಿತು. ಹಳದಿ ದೀಪ ಎಲ್ಲಿ ಅಂತ ನಾನು ಕೇಳಿದೆ. ಈ ಗಾಡಿಗೆ ಅದು ಬರೋದೇ ಇಲ್ಲಮ್ಮ ಅಂದ ಬ್ರೋಕರ್. ಕಾಗದಪತ್ರ ಇನ್ನೂ ದಾವಣಗೆರೆಯ ಮೊದಲನೇ ಮಾಲೀಕರ ಹೆಸರಲ್ಲೇ ಇತ್ತು. ಮಧ್ಯೆ ಯಾರ ಕೈಯಲ್ಲಿತ್ತು ಅಂತ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಗಾಡಿ ನಮ್ಮ ಮನೆ ಮುಂದೆ ಬಂದು ನಿಂತಿತು.

ಬಂದ ಮೇಲೆ ಒಂದೊಂದೇ ಗೊತ್ತಾಯಿತು. ಬಾನೆಟ್ ತೆಗೆಯುವ ಲಿವರ್ ಮುರಿದಿತ್ತು. ತಮ್ಮ ಒಂದು ಇಡೀ ಭಾನುವಾರ ಗಾಡಿಯ ಕೆಳಗೆ ಮಲಗಿ ಕಂಡುಹಿಡಿದ, ಎಡಗಡೆ ಲೈಟಿನ ಕೆಳಗೆ ಕೈ ತೂರಿಸಿ ಅಲ್ಲಿ ಕಟ್ಟಿದ್ದ ಒಂದು ದಾರ ಎಳೆಯಬೇಕು, ಎಳೆಯುತ್ತಾ ಬಾನೆಟ್ಟಿನ ಬಲಗಡೆ ಮುಷ್ಟಿಯಲ್ಲಿ ಗುದ್ದಬೇಕು. ಆಮೇಲೆ ಒಂದು ಜೋರು ಮಳೆ ಬಂತು. ಬೆಳಿಗ್ಗೆ ನೋಡುತ್ತೇನೆ, ಸ್ವಸ್ತಿಕಗಳೆಲ್ಲ ತೊಳೆದುಹೋಗಿವೆ. ಅವು ಇದ್ದ ಜಾಗದಲ್ಲಿ ಬಾಗಿಲೂ ಇರಲಿಲ್ಲ. ನನ್ನ ಕೈ ಬಳೆ ಸಮೇತ ಒಳಗೆ ಹೋಯಿತು.

ಇವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು, ನೆಟ್ಟಗಾದರು, ಒಳಗೆ ಹೋದರು. ದುಃಖ ತಡೆಯಲಾಗದೆ ಹೋದರು ಅಂದುಕೊಂಡೆ. ನೋಡಿದರೆ ಬಟ್ಟಲಲ್ಲಿ ಕುಂಕುಮ ಕಲಸಿಕೊಂಡು ಬಂದು, ಯಾರಾದರೂ ಏಳುವ ಮೊದಲು ಮತ್ತೆ ಬರೆದುಬಿಡ್ತೀನಿ ತಾಳು, ಈ ಸಲ ಎಣ್ಣೆಯಲ್ಲಿ ಕಲಸಿದ್ದೀನಿ, ಮಳೆಗೆ ಹೋಗಲ್ಲ ಅಂದರು.

೪. ಪ್ರಭಾವಳಿ

ಇವರಿಗೆ ಡ್ರೈವಿಂಗ್ ಬಾರದು. ಆದರೆ ಸಂಜೆ ತಮ್ಮ ಬಂದು ಎಂಜಿನ್ ಚಾಲೂ ಮಾಡಿಟ್ಟರೆ ಸುಮ್ಮನೆ ಒಳಗೆ ಕೂತಿರುವುದು ಇವರಿಗೆ ಅಭ್ಯಾಸವಾಯಿತು. ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಗಾಡಿಯೊಳಗಿಂದ ನನ್ನನ್ನು ಕೂಗಿದರು. ದನಿ ಬೇರೆಯೇ ಇತ್ತು. ಏನಾಯಿತೋ ಅಂತ ಒದ್ದೆ ಕೈಯಲ್ಲೇ ಓಡಿದೆ. ಮೀಟರಿನತ್ತ ಬೆರಳು ತೋರಿಸಿದರು.

ಗಣಪತಿಯ ಸುತ್ತ ಬೆಳಕು. ಕಿವಿಯ ಅಂಚು, ಸೊಂಡಿಲ ಅಂಚು, ಎಲ್ಲ ಕಡೆಯಿಂದ ಬಂಗಾರದ ಬಣ್ಣದ ಬೆಳಕು ಸೂಸುತ್ತಿತ್ತು. ಸತ್ಯವಾಗಿ ಹೇಳ್ತೀನಿ, ನನ್ನ ಮೈಯೆಲ್ಲ ಜುಮ್ಮೆಂದಿತು. ಪ್ರಭಾವಳಿ ಕಣೇ ಅಂತ ಇವರು ಗದ್ಗದರಾದರು.

ಮರುದಿನದಿಂದ ನಮ್ಮ ಮನೆ ಮುಂದೆ ಸಾಲು. ಎದುರು ಮನೆಯಾಕೆ ಮಲ್ಲಿಗೆ ತಂದರು, ಗಿರಣಿಯವರು ಕಾಯಿ ತಂದರು, ಕಂಪ್ಯೂಟರ್ ಮೇಷ್ಟ್ರು ಚಪ್ಪಲಿ ಬಿಟ್ಟು ಗಾಡಿಗೆ ಪ್ರದಕ್ಷಿಣೆ ಹಾಕಿದರು. ದರ್ಶನ ಮುಗಿಯುವ ತನಕ ಎಂಜಿನ್ ಓಡುತ್ತಿರಬೇಕು. ಡೀಸೆಲ್ ಹೊಗೆಯಲ್ಲಿ ಭಕ್ತರೆಲ್ಲ ಕೆಮ್ಮುತ್ತಾ ಕೈ ಮುಗಿಯುತ್ತಿದ್ದರು.

ತಮ್ಮ ಮಾತ್ರ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. "ಅಲ್ಲ ಭಾವ, ಈ ದೇವರು ಕೀ ತಿರುಗಿಸಿದ್ರೆ ಮಾತ್ರ ಬರ್ತಾನಲ್ಲ?"

ಇವರು ಅವನನ್ನು ಕನಿಕರದಿಂದ ನೋಡಿದರು. "ಆವಾಹನೆ ಮಾಡದೆ ಯಾವ ದೇವರು ಬರ್ತಾನೆ ಮಾರಾಯ?"

೫. ದಿಬ್ಬಣ

ಮದುವೆ ದಿನ ಬೆಳಿಗ್ಗೆ ಕಾಗದನಗರಕ್ಕೆ ಗಾಡಿ ಹೋಯಿತು. ತಮ್ಮ ಡ್ರೈವರು, ಪಕ್ಕದಲ್ಲಿ ನಮ್ಮನೆಯವರು. ಬೀಗಿತ್ತಿಯನ್ನು ಅರಿಶಿನ ಕುಂಕುಮ ಕೊಟ್ಟು ಕರೆತರಬೇಕಲ್ಲ ಅಂತ ನಾನೂ ಹತ್ತಿದೆ. ಛತ್ರ ನಮ್ಮ ವಿನೋಬನಗರದಲ್ಲಿ, ಮುಹೂರ್ತಕ್ಕೆ ಬೇಕಾದಷ್ಟು ಹೊತ್ತಿತ್ತು. ಗಂಡಿನ ಕಡೆಯ ನೆಂಟರೆಲ್ಲ ಬಸ್ಸಿನಲ್ಲಿ ಮುಂದೆ ಹೋಗಿದ್ದರು.

ಬೀಗರು ಜರಿ ಪಂಚೆ ಉಟ್ಟು, ಹೊಸ ಶಲ್ಯ ಹೊದ್ದು, ನಗುನಗುತ್ತಾ ಹೊರಗೆ ಬಂದರು. ಸ್ವಸ್ತಿಕ ನೋಡಿ ಮೆಚ್ಚಿದರು. ಅಳಿಯ ಪೇಟ ಸರಿಮಾಡಿಕೊಂಡು ಹಿಂದೆ ಹತ್ತಿ ಕೂತ. ನಮ್ಮನೆಯವರು ಕೆಳಗಿಳಿದು ಮುಂದಿನ ಬಾಗಿಲನ್ನೇ ತೆಗೆದು, ನೀವು ಮುಂದೆ ಕೂತ್ಕೊಳ್ಳಿ ಬೀಗರೇ ಅಂತ ಬಗ್ಗಿದರು. ಬೀಗರು ಒಂದು ಕಾಲು ಒಳಗಿಟ್ಟರು. ಗಣಪತಿಯನ್ನು ನೋಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

ಹಿಂದೆ ನಿಂತಿದ್ದ ಬೀಗಿತ್ತಿಯೂ ಇಣುಕಿ ನೋಡಿದರು. "ರೀ, ಇದು ನಮ್ಮ..." ಅಂತ ಶುರು ಮಾಡಿದರು.

"ನಮ್ಮದೇ ಅಂದ್ಕೊಂಡು ಹತ್ತು" ಅಂದರು ಬೀಗರು.

ಎಷ್ಟು ಒಳ್ಳೆ ಜನ ಅಂತ ನನಗೆ ಮನಸ್ಸು ತುಂಬಿ ಬಂತು. ಹೊರಟ ಮೇಲೆ ಬೀಗರದು ಬರೀ ಗಾಡಿಯದೇ ಮಾತು. ಎಸಿ ಹಾಕಬೇಡಪ್ಪ ಅಂದರು. ಏರಿನಲ್ಲಿ ನಿಧಾನ ಅಂದರು. ಎಲ್ಲರೂ ಬಸ್ಸಿನಲ್ಲೇ ಹೋಗಿದ್ದರೆ ಚೆನ್ನಾಗಿತ್ತು ಅಂತ ಒಮ್ಮೆ ಗೊಣಗಿದರು. ಉಳಿದ ಹೊತ್ತೆಲ್ಲ ಗಣಪತಿಯ ಮೇಲಿಂದ ಕಣ್ಣು ಕೀಳದೆ ಕೈ ಮುಗಿದೇ ಕೂತಿದ್ದರು. ಹಿಂದಿನ ಸೀಟಿನಿಂದ ನಮ್ಮನೆಯವರು ನನ್ನ ಕಿವಿಯಲ್ಲಿ, ಬೀಗರ ಭಕ್ತಿ ನೋಡೇ, ನನ್ನನ್ನೂ ಮೀರಿಸಿದರು ಅಂದರು.

ದಾರಿಯಲ್ಲಿ ನಿದಿಗೆ ಊರು ಹತ್ತಿರ ಬರುತ್ತಿದ್ದ ಹಾಗೆ ಗಾಡಿ ಬಿಕ್ಕಿತು. ದಮ್ಮು ಕಟ್ಟಿತು. ತೆವಳಿಕೊಂಡು ಹೋಗಿ ರಸ್ತೆ ಪಕ್ಕ ನಿಂತೇಬಿಟ್ಟಿತು. ತಮ್ಮ ಕೀ ತಿರುಗಿಸಿದ, ಮತ್ತೆ ತಿರುಗಿಸಿದ. ಗಣಪತಿಯ ಸುತ್ತ ಪ್ರಭಾವಳಿ ಎಂದಿಲ್ಲದ ಹಾಗೆ ಹೊಳೆಯುತ್ತಿತ್ತು, ಗಾಡಿ ಮಾತ್ರ ಅಲ್ಲಾಡಲಿಲ್ಲ.

ಛತ್ರಕ್ಕೆ ಫೋನ್ ಮಾಡಿದೆವು. ಬೇರೆ ಗಾಡಿ ಹೊಂದಿಸಿ ಕಳಿಸೋದರೊಳಗೆ ಮುಹೂರ್ತ ಕಳೆದುಹೋಗುತ್ತೆ ಅಂತ ಅವರೇ ಗಾಬರಿಯಾದರು. ಕೈ ಅಡ್ಡ ಹಾಕಿದರೆ ಬಸ್ಸುಗಳು ತುಂಬಿ ತುಳುಕುತ್ತಾ ನಿಲ್ಲಿಸದೆ ಹೋದವು. ನಮ್ಮನೆಯವರು ಕಣ್ಣು ಮುಚ್ಚಿ ಗಣಪತಿ ಸ್ತೋತ್ರ ಶುರು ಮಾಡಿದರು. ಅಳಿಯ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ನನಗೆ ಕಣ್ಣ ಮುಂದೆ ಬಂದದ್ದು ಮಗಳು, ಕೈತುಂಬ ಮದರಂಗಿ ಹಾಕಿಕೊಂಡು ಛತ್ರದ ಬಾಗಿಲನ್ನೇ ನೋಡುತ್ತಾ ಕೂತಿರುವಳು. ತಡೆಯೋಕೆ ಆಗಲಿಲ್ಲ, ರಸ್ತೆ ಪಕ್ಕದಲ್ಲೇ ಅತ್ತುಬಿಟ್ಟೆ.

ಬೀಗರು ನನ್ನನ್ನು ನೋಡಿದರು. ಮಗನನ್ನು ನೋಡಿದರು. ಹೆಂಡತಿಯನ್ನು ನೋಡಿದರು, ಆಕೆ ಹೂಂ ಅನ್ನುವಂತೆ ತಲೆ ಆಡಿಸಿದರು. ಬೀಗರು ಒಂದು ನಿಟ್ಟುಸಿರು ಬಿಟ್ಟು, ಶಲ್ಯ ಸೀಟಿನ ಮೇಲೆ ಎಸೆದು, ಜರಿ ಪಂಚೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಕೆಳಗಿಳಿದರು.

ನೇರ ಗಾಡಿಯ ಮುಂದೆ ಹೋದರು. ಎಡಗಡೆ ಲೈಟಿನ ಕೆಳಗೆ ಕೈ ತೂರಿಸಿದರು. ದಾರ ಎಳೆಯುತ್ತಾ ಬಾನೆಟ್ಟಿನ ಬಲಗಡೆ ಮುಷ್ಟಿಯಲ್ಲಿ ಗುದ್ದಿದರು. ಬಾನೆಟ್ ಎದ್ದಿತು. ಒಂದು ಭಾನುವಾರ ಪೂರ್ತಿ ಕಳೆದ ನನ್ನ ತಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬೀಗರು ಬ್ಯಾಟರಿಯ ವೈರು ಬಿಚ್ಚಿದರು, ಸ್ವಲ್ಪ ಹೊತ್ತು ಕಾದು ಮತ್ತೆ ಸಿಕ್ಕಿಸಿದರು. ಆಮೇಲೆ ಒಳಗೆ ಬಗ್ಗಿ, ಉಗುರು ಕೊಟ್ಟು, ಗಣಪತಿಯನ್ನು ಗಾಜಿನಿಂದ ಎಬ್ಬಿಸಿದರು. ಕೀ ತಿರುಗಿಸು ಅಂತ ತಮ್ಮನಿಗೆ ಹೇಳಿದರು.

ಗಣಪತಿ ಕೂತಿದ್ದ ಜಾಗದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಒಮ್ಮೆ ಹತ್ತಿತು, ಎಂಜಿನ್ ಸ್ಟಾರ್ಟ್ ಆಗುತ್ತಲೇ ಆರಿತು. ನಾವು ಕಾಯಿ ಒಡೆದ ಪ್ರಭಾವಳಿ ಅದೇ.

ಗಾಡಿ ಓಡಿತು. ಈ ಸಲ ಎಲ್ಲೂ ಬಿಕ್ಕದೆ ಓಡಿ, ಪುರೋಹಿತರು ಬಾಗಿಲಿಗೆ ಬಂದು ಹಣೆ ಚಚ್ಚಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಛತ್ರ ಮುಟ್ಟಿತು. ವಾಲಗ ಶುರುವಾಯಿತು. ಅಳಿಯ ಪೇಟ ಇಟ್ಟುಕೊಂಡು ಇಳಿದ. ಮಹಡಿಯ ಕಿಟಕಿಯಲ್ಲಿ ಮಗಳ ಮುಖ ಕಂಡು ನನಗೆ ಹೋದ ಜೀವ ಬಂತು.

ಬೀಗರು ಇಳಿಯಲಿಲ್ಲ. ಅಂಗೈಯಲ್ಲಿದ್ದ ಗಣಪತಿಯನ್ನು ನೋಡುತ್ತಾ ಕೂತಿದ್ದರು. ನಮ್ಮನೆಯವರು ಅವರ ಬಾಗಿಲ ಹತ್ತಿರ ಹೋಗಿ ನಿಂತರು. ಇಡೀ ದಾರಿ ಯೋಚಿಸಿದ್ದರೂ ಅವರಿಗೆ ಹೊಳೆದಿರಲಿಲ್ಲ. "ಅಲ್ಲ ಬೀಗರೇ, ಆ ದಾರದ ವಿಷಯ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಮಗುವಿನ ಹಾಗೆ ಕೇಳಿದರು.

ಬೀಗರು ಕೆಳಗಿಳಿದರು. ಗಣಪತಿಯನ್ನು ನಮ್ಮನೆಯವರ ಅಂಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಹಿಡಿದುಕೊಂಡರು.

"ಆ ಪುಣ್ಯಾತ್ಮ ನೀವೇನಾ ಬೀಗರೇ?" ಅಂದರು.